ಲಾರಿ ಅಕ್ಕನ ಅಂಗುಸ್ತಾನ

ಟಣ್. ಸ್ವಲ್ಪ ಬಿಟ್ಟು, ಟಣ್ ಟಣ್.

ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಆ ಸದ್ದು ನನ್ನ ಬೆಳಗಿನ ಚಹಾದ ಜೊತೆಗೇ ಬರುತ್ತಿತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಖಾಲಿ ಜಾಗ. ಅಲ್ಲೊಂದು ಹಳೆಯ ಲಾರಿ. ಲಾರಿಯ ಹೊಟ್ಟೆಯ ಕೆಳಗೆ ಗೋಣಿತಟ್ಟು ಹಾಸಿಕೊಂಡು ಮಲಗಿದ ಅದರ ಡ್ರೈವರು, ಅದರ ಮಾಲೀಕನೂ ಅವನೇ. ಆತ ಬಾಯಿಬಿಟ್ಟು ಯಾರನ್ನೂ ಕರೆಯುತ್ತಿರಲಿಲ್ಲ. ಗಾಡಿಯ ಕೆಳಗೆ ಬಾಯಿ ತೆರೆದರೆ ಮಣ್ಣೋ ಆಯಿಲ್ಲೋ ಬೀಳುತ್ತದಂತೆ. ಕೈಯಲ್ಲಿದ್ದ ಪಾನಾದಿಂದ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರಿನಿಂದ, ಚಾಸಿಗೆ ಬಡಿಯುತ್ತಿದ್ದ. ಒಂದು ಪೆಟ್ಟೆಂದರೆ ಒರೆಸುವ ಬಟ್ಟೆ, ಎರಡೆಂದರೆ ದೊಡ್ಡ ಪಾನಾ, ಬಿಡದೆ ಬಡಿದರೆ ಚಹಾ. ಅಡುಗೆಮನೆಯಲ್ಲಿದ್ದ ಹೆಂಡತಿ ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ತಟ್ಟುತ್ತಿದ್ದಳು. ಟಿಣ್. ಹಾಗೆಂದರೆ, ‘ಬಂದೆ’.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದವಳು. ಊಟದ ಟೇಬಲಿನಲ್ಲಿ ಸ್ಪೂನು ಪ್ಲೇಟಿಗೆ ತಾಗಿದರೂ ಸಿಸ್ಟರ್ ಹುಬ್ಬು ಮೇಲೇರುತ್ತಿತ್ತು. ಹಾನಗಲ್ಲಿಗೆ ಇಂಗ್ಲಿಷ್ ಟೀಚರಾಗಿ ಬಂದು, ಇಲ್ಲೇ ರಿಟೈರಾಗಿ, ಇಲ್ಲೇ ಉಳಿದೆ. ಇವರು ಪಕ್ಕಕ್ಕೆ ಬಂದ ಹೊಸದರಲ್ಲಿ ಆ ಟಣ್ ಟಣ್ ನನಗೆ ಶುದ್ಧ ನ್ಯೂಸೆನ್ಸ್ ಅನ್ನಿಸಿತ್ತು. ಹೇಳಿಯೇಬಿಡೋಣವೆಂದು ಕಾಂಪೌಂಡಿನ ಹತ್ತಿರ ಹೋದೆ.

“ಏನವಾ, ಬಾಯಿಲೆ ಕರದ್ರ ಆಗೂದಿಲ್ಲೇನು ನಿಮ್ಮ ಯಜಮಾನ್ರಿಗೆ?”

“ಬಾಯಿಲೆ ಕರದ್ರ ಜಗಳ ಆಕೈತ್ರಿ ಅಕ್ಕೋರ,” ಎಂದಳು. “ಪಾನಾದಾಗ ಸಿಟ್ಟು ತಿಳಿಯಂಗಿಲ್ಲ.”

ದೂರು ಹೇಳಲು ಹೋದವಳು ನಕ್ಕು ಬಂದೆ. ಅಂದಿನಿಂದ ನಾವಿಬ್ಬರೂ ಗೆಳತಿಯರು. ಬೀದಿಯವರೆಲ್ಲ ಆಕೆಯನ್ನು ಲಾರಿ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ನಾನು ಎಷ್ಟೋ ದೊಡ್ಡವಳು, ಆದರೂ ನನ್ನ ಬಾಯಲ್ಲೂ ಅದೇ ಕೂತುಬಿಟ್ಟಿತು. ಇಲ್ಲಿಯೂ ಅದೇ ಸಾಕು.

ಆ ಲಾರಿಗೆ ಬೇರೆ ಕ್ಲೀನರ್ ಇರಲಿಲ್ಲ. ಆಕೆಯೇ ಕ್ಲೀನರ್. ಚಿಕ್ಕೇರೂರು, ಹಿರೇಕೆರೂರಿನ ಕಡೆಯಿಂದ ಗೋವಿನಜೋಳ, ಬೇಸಿಗೆಯಲ್ಲಿ ನಮ್ಮ ಹಾನಗಲ್ಲಿನ ಮಾವಿನಕಾಯಿ, ನಡುನಡುವೆ ಸವಣೂರಿನ ವೀಳ್ಯದೆಲೆಯ ಬುಟ್ಟಿ. ಎಲ್ಲಿಗೆ ಹೋದರೂ ಎಡಗಡೆಯ ಸೀಟಿನಲ್ಲಿ ಆಕೆ. ಹಿಂದಕ್ಕೆ ತೆಗೆಯುವಾಗ ಇಳಿದು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಂಗೈಯಿಂದ ಲಾರಿಯ ಮೈಗೆ ಬಡಿಯುತ್ತ “ಬರ್ಲಿ, ಬರ್ಲಿ, ಬರ್ಲಿ… ಸಾಕ್!” ಸವಣೂರಿನಲ್ಲಿ ಹಮಾಲರು ನಕ್ಕರಂತೆ, ಹೆಂಗಸಿನ ಮಾತು ಕೇಳಿ ಗಾಡಿ ತಗೀತಾನ ನೋಡ್ರಲೇ ಎಂದು. ಆಕೆ ತಿರುಗಿಯೂ ನೋಡದೆ ಹೇಳಿದಳಂತೆ: “ನಮ್ಮ ಗಾಡಿ ಹಿಂದಿನ ದೀಪ ಎರಡೂ ಅದಾವು. ನಿಮ್ಮವು ಎಷ್ಟ ಉಳದಾವು ಎಣಿಸ್ಕೋರಿ.”

ಲಾರಿಯ ಯಾವ ಕೆಲಸವನ್ನೂ ಆತ ಗ್ಯಾರೇಜಿಗೆ ಕೊಡುತ್ತಿರಲಿಲ್ಲ. ಆಯಿಲ್ ಬದಲಿಸುವುದು, ಗ್ರೀಸು, ಬ್ರೇಕು, ಕ್ಲಚ್ ಪ್ಲೇಟು, ಎಲ್ಲವೂ ಸ್ವಂತ ಕೈಯಲ್ಲೇ. ಕೆಲಸ ಮುಗಿಸಿ ಹೊರಗೆ ಬಂದವನು ಪಾನಾ ಒರೆಸುತ್ತ, “ನನ್ನ ಕೈ ಮುಟ್ಟಿದ ನಟ್ಟು ತಾನಾಗಿ ಬಿಚ್ಚಂಗಿಲ್ರಿ ಅಕ್ಕೋರ,” ಎನ್ನುತ್ತಿದ್ದ. ಆತ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಲಾರಿ ಅಕ್ಕ ಸರ್ರನೆ ಕೆಳಗೆ ನುಸುಳಿ, ಎಲ್ಲ ನಟ್ಟುಗಳನ್ನೂ ಒಮ್ಮೆ ಮುಟ್ಟಿ, ಸಡಿಲವಿದ್ದದ್ದನ್ನು ಬಿಗಿದು, ಆತ ಮರೆತುಬಿಟ್ಟ ಪಾನಾವನ್ನು ಚಾಸಿಯ ಮೇಲಿಂದ ಎತ್ತಿಕೊಂಡು, ಆತ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ರೊಟ್ಟಿ ಬಡಿಯಲು ಕೂತಿರುತ್ತಿದ್ದಳು.

ಕಿಟಕಿಯಿಂದ ನೋಡಿದ್ದ ನಾನು ಒಮ್ಮೆ ಕೇಳಿದೆ, “ಹೇಳಬಾರದೇನವಾ ಅವ್ರಿಗೆ?”

“ಹೇಳಿ ಮಾಡಿದ್ರ ಅವ್ರ ಮಾರಿ ಸಣ್ಣದ ಆಕೈತ್ರಿ. ಹೇಳದ ಮಾಡಿದ್ರ ಗಾಡಿನೂ ನೆಟ್ಟಗ, ಮನಷ್ಯಾನೂ ನೆಟ್ಟಗ.”

ನನ್ನ ಮನೆಯಲ್ಲೂ ಆಕೆಯದು ಇದೇ ರೀತಿ. ನನ್ನ ಗೋಡೆ ಗಡಿಯಾರ ಹಿಂದೆ ಬೀಳುವ ಚಾಳಿಯದು. ಆಕೆ ಬಂದು ಹೋದ ದಿನ ಮಾತ್ರ ಅದು ಪರ್ಫೆಕ್ಟ್ ಟೈಮ್ ತೋರಿಸುತ್ತಿತ್ತು. ಕನ್ನಡಕದ ಕಡ್ಡಿ ಅಲ್ಲಾಡುತ್ತಿದೆಯೆಂದು ನಾನು ಗೊಣಗಿದ್ದರೆ, ಮಾರನೆಯ ದಿನ ಅದು ಅಲ್ಲಾಡುತ್ತಿರಲಿಲ್ಲ. ಥ್ಯಾಂಕ್ ಯೂ ಎಂದರೆ, “ಯಾಕ್ರಿ?” ಎಂದು ನನ್ನನ್ನೇ ಮಿಕಿಮಿಕಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ತನಗೂ ಇಂಗ್ಲಿಷ್ ಕಲಿಸಬೇಕೆಂದು ಬಂದು ಕೂತಳು. ಏನು ಕಲಿಯಬೇಕು ಎಂದರೆ, ಗಾಡಿ ಸಾಮಾನಿನ ಹೆಸರು. ಮೊದಲು ನಿನಗೆ ಗೊತ್ತಿರುವುದನ್ನು ಹೇಳು ಎಂದೆ. ಕ್ಲಚ್, ಬ್ರೇಕ್, ಎಕ್ಸಲ್, ಬೇರಿಂಗ್, ಗೇರ್‌ಬಾಕ್ಸ್ ಎಂದು ಮಗ್ಗಿಯ ಹಾಗೆ ಒಪ್ಪಿಸಿದಳು.

“ಇವೆಲ್ಲಾ ಇಂಗ್ಲಿಷ್ ಅವ.”

“ಹಂಗಾರ ನಾ ಆಗ್ಲೇ ಪಾಸೇನ್ರಿ?”

ಡಿಸ್ಟಿಂಕ್ಷನ್ ಎಂದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಗಾಡಿನೂ ಉಸಿರ ಬಿಡ್ತೈತಲ್ರಿ, ಅದಕ್ಕೇನಂತಾರ?” ಎಂದು ಕೇಳಿದಳು. ಹೊಗೆಯ ಮಾತಿರಬೇಕೆಂದು ನಾನು ಎಕ್ಸಾಸ್ಟ್ ಎಂದೆ. “ಹೊಗಿ ಅಲ್ರಿ. ಒಳಗಿನ ಉಸಿರು,” ಎಂದಳು. ನನಗೆ ತಿಳಿಯಲಿಲ್ಲ. ಹೋಗ್ಲಿ ಬಿಡ್ರಿ ಎಂದು ಹೋದಳು.

ಆಕೆ ನನ್ನಿಂದ ಕೇಳಿ ಒಯ್ಯುತ್ತಿದ್ದದ್ದು ಒಂದೇ ವಸ್ತು, ಅದೂ ವರ್ಷಕ್ಕೊಮ್ಮೆ, ಮಹಾನವಮಿಯ ಮುಂಚೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ನನಗೆ ಕೊಟ್ಟ ಒಂದು ಅಂಗುಸ್ತಾನವಿದೆ. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕಿಕೊಳ್ಳುವ ಪುಟ್ಟ ಲೋಹದ ಟೊಪ್ಪಿಗೆ. “ಅಕ್ಕೋರ, ನಿಮ್ಮ ಬೆರಳಿನ ಟೊಪಗಿ ಕೊಡ್ರಿ,” ಎಂದು ಬರುತ್ತಿದ್ದಳು. ಲಾರಿಯ ಸರಕಿಗೆ ಹೊದಿಸುವ ತಾಡಪತ್ರಿ ಹೊಲಿಯಲು ಇರಬೇಕೆಂದು ನಾನು ಕೊಡುತ್ತಿದ್ದೆ. ದಸರೆಯ ದಿನ ಬನ್ನಿ ಕೊಡಲು ಬಂದಾಗ ಎಲೆಗಳ ಜೊತೆಗೇ ಅದನ್ನೂ ನನ್ನ ಅಂಗೈಯಲ್ಲಿಟ್ಟು, “ಬಂಗಾರದಂಗ ಇರೋಣ್ರಿ,” ಎನ್ನುತ್ತಿದ್ದಳು. ಪ್ರತಿ ಸಲವೂ ಅದರ ಅಂಚಿಗೆ ಬೆಳ್ಳಿ ಬಣ್ಣ ಮೆತ್ತಿರುತ್ತಿತ್ತು. ಮೊದಲೆರಡು ಸಲ ಉಗುರಿನಿಂದ ಕೆರೆದೆ. ಆಮೇಲೆ ಬಿಟ್ಟುಬಿಟ್ಟೆ.

ಬೆಳ್ಳಿ ಬಣ್ಣ ಎಲ್ಲಿಂದ ಬಂತೆಂಬುದು ಗೊತ್ತೇ ಇತ್ತು. ಖಂಡೆ ಪೂಜೆಗೆ, ಅಂದರೆ ಮಹಾನವಮಿಯ ಆಯುಧ ಪೂಜೆಗೆ, ಎಲ್ಲರೂ ಗಾಡಿ ತೊಳೆದು ಹಾರ ಹಾಕಿದರೆ ಈ ಗಂಡಹೆಂಡತಿ ಗೇರ್‌ಬಾಕ್ಸಿನ ಆಯಿಲ್ ಬದಲಿಸಿ, ಅದರ ಮೈಗೆಲ್ಲ ಬೆಳ್ಳಿ ಬಣ್ಣ ಹೊಡೆದು, ವಿಭೂತಿ ಕುಂಕುಮ ಹಚ್ಚುತ್ತಿದ್ದರು. ಕಾಣದ ಜಾಗಕ್ಕೆ ಬಣ್ಣ ಯಾಕವಾ ಎಂದರೆ, “ದುಡಿಯೂದು ಅದ, ಕುಂಕುಮ ಮಾತ್ರ ಮಾರಿಗೇನ್ರಿ?” ಎಂದಿದ್ದಳು. ಗೇರ್‌ಬಾಕ್ಸಿನ ಕೆಳಭಾಗ ಆತನದು. ಮೇಲ್ಭಾಗದ ಸಂದಿಯಲ್ಲಿ ಆತನ ದಪ್ಪ ತೋಳು ಹೋಗುತ್ತಿರಲಿಲ್ಲ. ಅದರ ನೆತ್ತಿಗೆ ಬಣ್ಣ ಹಚ್ಚುವುದು ಆಕೆಯ ಪಾಲಿನ ಕೆಲಸ.

ಹೋದ ವರ್ಷ ಖಂಡೆ ಪೂಜೆಯ ಹಿಂದಿನ ದಿನ ನಾನು ಕಣ್ಣಿನ ಆಪರೇಷನ್ನಿಗೆ ಬೆಳಗಾವಿಯ ತಂಗಿಯ ಮನೆಗೆ ಹೋದೆ. ಒಂದು ಕಣ್ಣಾದ ಮೇಲೆ ಇನ್ನೊಂದು ಎಂದು ತಂಗಿ ನನ್ನನ್ನು ಚಳಿಗಾಲವೆಲ್ಲ ಬಿಡಲಿಲ್ಲ. ಹಿಂದಿರುಗಿದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಆತ ಒಬ್ಬನೇ ಕೂತಿದ್ದ. ಲಾರಿ ಅಕ್ಕ ಒಂದು ದಿನ ಎದೆ ಹಿಡಿದುಕೊಂಡಿತು ಎಂದಳಂತೆ. ಎತ್ತಿ ಲಾರಿಯಲ್ಲಿ ಕೂರಿಸಿ ಹುಬ್ಬಳ್ಳಿಗೆ ಹೊರಟಿದ್ದಾನೆ.

“ಶಿಗ್ಗಾವಿ ದಾಟೂತನಕ ಮಾತಾಡಿದ್ಲ್ರಿ. ಆಮ್ಯಾಲೆ ಕಿಟಕಿಗೆ ತಲಿ ಹಚ್ಚಿದ್ಲು. ನಿದ್ದಿ ಬಂದಿರ್ಬೇಕಂತ ನಾ ಸಾವಕಾಶ ಹೊಡದೆ. ಹುಬ್ಬಳ್ಳಿ ಬಂತು ನೋಡ ಅಂತ ತಿರಗಿದೆ…”

ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಒಳಗೆ ಹೋಗಿ ನನ್ನದೊಂದು ಸ್ಟೀಲ್ ಡಬ್ಬಿ, ಅದರೊಳಗೆ ಅಂಗುಸ್ತಾನ, ತಂದುಕೊಟ್ಟ. “ನಿಮ್ದಂತ ಕಾಣತೈತ್ರಿ. ತಾಡಪತ್ರಿ ಹೊಲಿಯಾಕ ತಂದಿದ್ಲೇನೋ.” ನನ್ನ ಹೊಸ ಕಣ್ಣಿಗೆ ನೀರು ತುಂಬಿ ಏನೂ ಕಾಣಿಸಲಿಲ್ಲ. ಅದನ್ನು ಹೊಲಿಗೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.

ಈ ವರ್ಷ ಮತ್ತೆ ಮಹಾನವಮಿ ಬಂತು. ಆತ ಗೋಣಿತಟ್ಟು ಹಾಸಿ ಕೆಳಗೆ ಹೋದ. ನಾನು ಕಟ್ಟೆಯಲ್ಲಿ ಚಹಾ ಹಿಡಿದು ಕೂತಿದ್ದೆ. ಟಣ್. ಕೈಯ ಅಭ್ಯಾಸ, ಪಾಪ, ಬಡಿದುಬಿಟ್ಟಿದ್ದ. ಎಲ್ಲಿಂದಲೂ ಉತ್ತರ ಬರಲಿಲ್ಲ. ನನ್ನ ಕಪ್ಪಿನಲ್ಲಿ ಚಮಚವಿತ್ತು, ಒಮ್ಮೆ ತಟ್ಟಲೇ ಅನ್ನಿಸಿತು. ಅದು ನಾನು ಮಾಡುವ ಸದ್ದಲ್ಲ. ಚಮಚ ತೆಗೆದು ಪಕ್ಕಕ್ಕಿಟ್ಟೆ. ತುಸು ಹೊತ್ತಿಗೆ ಆತ ತೆವಳುತ್ತ ಹೊರಗೆ ಬಂದು, ಒರೆಸುವ ಬಟ್ಟೆ ತಾನೇ ತೆಗೆದುಕೊಂಡು ಮತ್ತೆ ಒಳಗೆ ಹೋದ. ಗೇರ್‌ಬಾಕ್ಸಿನ ನೆತ್ತಿಗೆ ಕೈ ಮುಟ್ಟಲಿಲ್ಲವಾದ್ದರಿಂದ ಬ್ರಷ್ಷನ್ನು ಒಂದು ಕೋಲಿಗೆ ಕಟ್ಟಿ, ಕಾಣದ ಜಾಗಕ್ಕೆ ಅಂದಾಜಿನ ಮೇಲೆ ಬಣ್ಣ ಮೆತ್ತಿದ. ಆಕೆ ಹಚ್ಚುತ್ತಿದ್ದ ಜಾಗ ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲವಂತೆ.

ದಸರೆ ಕಳೆದು ಮೊದಲ ಬಾಡಿಗೆಗೆ ಹಿರೇಕೆರೂರಿಗೆ ಹೋಗಿ ಬಂದ ದಿನ ಲಾರಿಯ ಕೆಳಗೆ ಕಪ್ಪು ಮಡು.

ಗೇರ್ ಆಯಿಲ್. ಆತ ಮೊದಲು ಆಯಿಲ್ ಇಳಿಸುವ ಕೆಳಗಿನ ನಟ್ಟನ್ನು ನೋಡಿದ. ಅದರ ವಾಷರ್ ಹೊಸದು ಹಾಕಿದ. ಮತ್ತೆ ಸೋರಿತು. ಆಯಿಲ್ ಹೆಚ್ಚಾಗಿದೆಯೋ ಎಂದು ಬೆರಳಿಟ್ಟು ನೋಡಿದ, ಸರಿಯಾಗಿಯೇ ಇತ್ತು. ಒಂದು ಬೆಳಿಗ್ಗೆ ಬಾಗಿಲಿಗೆ ಬಂದು ತಲೆ ಕೆರೆಯುತ್ತ ನಿಂತ.

“ಅಕ್ಕೋರ, ಪೌಡರ್ ಐತೇನ್ರಿ? ಮಾರಿಗೆ ಹಚ್ಕೊಳ್ಳೂದು.”

“ನಿನಗ್ಯಾಕಪಾ?”

“ನನಗಲ್ರಿ. ಗೇರ್‌ಬಾಕ್ಸಿಗೆ.”

ಸೋರುವ ಜಾಗವನ್ನು ಒರೆಸಿ ಪೌಡರ್ ಉದುರಿಸಿದರೆ ಆಯಿಲ್ ಎಲ್ಲಿಂದ ಹೊರಟಿತೆಂದು ಗೆರೆ ಮೂಡುತ್ತದಂತೆ. ನನ್ನ ಲ್ಯಾವೆಂಡರ್ ಟಾಲ್ಕಮ್ಮಿನ ಅರ್ಧ ಡಬ್ಬಿ ಲಾರಿಗೆ ಹೋಯಿತು. ಗೆರೆ ಮೂಡಿದ್ದು ಹಿಂದಿನ ಸೀಲಿನಲ್ಲಿ, ಅಂದರೆ ತಿರುಗುವ ಶಾಫ್ಟು ಹೊರಗೆ ಬರುವಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆಯಲ್ಲಿ. ಶಾಫ್ಟು ಇಳಿಸಿ ಹೊಸ ಸೀಲು ಹಾಕಿದ. ನಿಂತಾಗ ಒಂದು ಹನಿಯೂ ಇಲ್ಲ. ಚಿಕ್ಕೇರೂರಿಗೆ ಹೋಗಿ ಬಂದರೆ ಮತ್ತೆ ಮಡು. ಸೀಲು ಮತ್ತೆ ಬದಲಿಸಿದ. ಈ ಸಲ ಮುಂದಿನಿಂದಲೂ ಸೋರತೊಡಗಿತು. ಬಣ್ಣ ಬಳಿದ ಆ ಗೇರ್‌ಬಾಕ್ಸು ಎಲ್ಲೆಲ್ಲಿಂದಲೋ ಬೆವರುತ್ತಿತ್ತು, ಆತ ಅದರ ಕೆಳಗೆ ಮಲಗಿ ಮುಖ ಒರೆಸಿಕೊಳ್ಳುತ್ತಿದ್ದ.

ಶಿಗ್ಗಾವಿಯ ಮಿಸ್ತ್ರಿಯೊಬ್ಬ ಆತನ ಹಳೆಯ ದೋಸ್ತ. ಓಡದ ಗಾಡಿಗಳನ್ನು ಕೊಂಡು ಬಿಚ್ಚಿ ಮಾರುವುದು ಅವನ ವ್ಯಾಪಾರ. ಸುದ್ದಿ ತಿಳಿದು ಬಂದವನು ಕುಕ್ಕರಗಾಲಲ್ಲಿ ಕೂತು ಮಡುವನ್ನು ನೋಡಿದ.

“ಏನಲೇ ದೋಸ್ತ, ಸೀಲ್ ಹಾಕಿದಿ, ಮತ್ತ ಸೀಲ್ ಹಾಕಿದಿ. ಇನ್ನ ನಿನಗ ಒಂದ ಸೀಲ್ ಹಾಕೂದು ಉಳದೈತಿ. ಕೊಡ ಇಲ್ಲೆ, ನಾ ನೋಡ್ತೇನಿ.”

“ಹೊರಗಿನ ಕೈ ಹತ್ತಿಲ್ಲ ಇದಕ್ಕ ಇವತ್ತಿನ ತನಕ.”

“ಹಂಗಾರ ಗಾಡಿನ ಕೊಡು. ಸೋಮಾರ ಬಂದು ಒಯ್ತೇನಿ.”

ಚೇಷ್ಟೆಗೆ ಹೇಳಿದ ಮಾತು ಅದು. ಆದರೆ ಆತ ತಲೆ ತಗ್ಗಿಸಿ, “ಬಾ. ಸೋಮಾರ ಬಾ,” ಎಂದುಬಿಟ್ಟ. ಮಿಸ್ತ್ರಿಯ ನಗೆ ಅಲ್ಲೇ ನಿಂತಿತು.

ಅವನು ಹೋದ ಮೇಲೆ ನಾನು ಕೇಳಿದೆ, “ಖರೇನ ಕೊಡ್ತೀಯೇನಪಾ?”

“ಆಯಿಲ್ ಸೋರತೈತಂತ ಅಲ್ರಿ ಅಕ್ಕೋರ. ಇಷ್ಟ ವರ್ಷ ಸೋರದ್ದು ಈಗ್ಯಾಕ? ಕೈ ಹೋಗೇತ್ರಿ ನಂದು. ಆಕಿ ಜೋಡಿನ ಹೋತು. ಇವತ್ತ ಇದು ತಪ್ಪಿತು. ನಾಳೆ ಬ್ರೇಕ್ ಕಟ್ಟೂದ್ರಾಗ ತಪ್ಪಿದ್ರ? ರಸ್ತೆದಾಗ ಯಾರದರ ಮನಿ ಹಾಳಾದ್ರ?”

ಎಡಗಡೆಯ ಬಾಗಿಲು ತೆರೆದೇ ಇತ್ತು. ಆಕೆಯ ಸೀಟಿಗೆ ಆಕೆಯದೇ ಹಳೆಯ ಇಳಕಲ್ ಸೀರೆಯ ತುಂಡು. ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಅಂಟಿಸಿದ ಟಿಕಳಿಗಳು. ದೂರದ ದಾರಿಯಲ್ಲಿ ನಿದ್ದೆ ಬಂದಾಗ ಹಣೆಯಿಂದ ತೆಗೆದು ಅಲ್ಲಿ ಹಚ್ಚುತ್ತಿದ್ದಳು. ಮಿಸ್ತ್ರಿ ಒಯ್ದರೆ ಈ ತಗಡು ಕತ್ತರಿಯ ಪಾಲು. ಆತ ಅದನ್ನು ನೋಡದೆ ಬಾಗಿಲು ಹಾಕಿದ.

ಸೋಮವಾರ ಬೆಳಿಗ್ಗೆ ಲಾರಿಯನ್ನು ಹಾವೇರಿ ರಸ್ತೆಯವರೆಗೆ ಓಡಿಸಿಕೊಂಡು ಹೋಗಿ ತೊಳೆಸಿಕೊಂಡು ಬಂದ. ಕೊಡುವ ಗಾಡಿಯಾದರೂ ಗಲೀಜಾಗಿ ಕೊಡಬಾರದು, ಆಯಿಲ್ ಕಮ್ಮಿ ಇರಬಾರದು. ನನಗೆ ಒಳಗೆ ಇರಲಾಗದೆ ಹೋಗಿ ಅಲ್ಲೇ ನಿಂತೆ. ಇಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ. ಕೆಳಗೆ ನುಸುಳಿ ಆಯಿಲ್ ತುಂಬುವ ನಟ್ಟನ್ನು ಸಡಿಲಿಸಿದ್ದೇ ತಡ, ಹುಸ್ಸೆಂದು ಉದ್ದನೆಯ ಉಸಿರೊಂದು ಹೊರಟಿತು.

ಆತ ಕೈ ಹಿಂದಕ್ಕೆಳೆದುಕೊಂಡ. ನಾನು ಬಾಗಿ ನೋಡಿದೆ.

“ಏನಾತಪಾ?”

“ಒಳಗ ಗಾಳಿ ಕಟ್ಟೇತ್ರಿ,” ಎಂದ. ಗಾಡಿಯ ಕೆಳಗಿನಿಂದ ಆತ ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಬಿಸಿಗೆ ಗಾಳಿ ಉಬ್ಬಿ ಹೊರಗ ಹೋಗಾಕ ದಾರಿ ಇಲ್ದ ಆಯಿಲ್ ನೂಕಾಕತ್ತೈತಿ. ಸೀಲಿನ ತಪ್ಪಲ್ರಿ ಇದು.”

ಎದ್ದವನೇ ಕ್ಯಾಬಿನ್ನಿಗೆ ಹತ್ತಿದ. ಕಾಲಡಿಯ ತಗಡು ಬಿಚ್ಚಿ ಎತ್ತಿದ. ಕೆಳಗೆ ಗೇರ್‌ಬಾಕ್ಸಿನ ನೆತ್ತಿ, ದಪ್ಪಗೆ, ಅಂಕುಡೊಂಕಾಗಿ ಮೆತ್ತಿದ ಬೆಳ್ಳಿ ಬಣ್ಣ. ಅದರಲ್ಲೊಂದು ಸಣ್ಣ ಗುಬಟು. ಪಾನಾ ಹಾಕಿ ತಿರುಗಿಸಿ ಕಿತ್ತು ನನ್ನ ಕೈಗೆ ಕೊಟ್ಟ. ನನ್ನ ಕಿರುಬೆರಳ ತುದಿಯಷ್ಟಿತ್ತು. ಪಕ್ಕದಲ್ಲಿ ತೂತುಗಳು, ಎಲ್ಲವೂ ಬಣ್ಣದಲ್ಲಿ ಮುಚ್ಚಿಹೋಗಿದ್ದವು.

“ಬ್ರೀದರ್ ಅಂತಾರ್ರಿ ಇದಕ್ಕ. ಗಾಳಿ ಹೋಗಿ ಬರೂ ದಾರಿ.”

ಆ ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದವಳಿಗೆ ನಾನು ಎಕ್ಸಾಸ್ಟ್ ಎಂದಿದ್ದೆ.

“ಆದ್ರ ಬಣ್ಣ ವರ್ಷಾ ವರ್ಷಾ ಹಚ್ಚೇವಿ,” ಆತ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ. “ಒಮ್ಮೆರ ಹಿಂಗ ಮುಚ್ಚಿಲ್ಲ. ಮ್ಯಾಲಿಂದು ಆಕಿನ ಹಚ್ತಿದ್ಲು. ಹೆಂಗ ಹಚ್ತಿದ್ಲೋ ಏನೋ, ನಾ ನೋಡೇ ಇಲ್ಲ.”

ನಾನು ಆ ಗುಬಟನ್ನು ಹಿಡಿದುಕೊಂಡೇ ಮನೆಗೆ ಬಂದೆ. ಹೊಲಿಗೆಯ ಪೆಟ್ಟಿಗೆ ತೆರೆದೆ. ಸಿಸ್ಟರ್ ಕೊಟ್ಟ ಅಂಗುಸ್ತಾನವನ್ನು ಅದರ ಮೇಲೆ ಕವುಚಿದೆ. ತಲೆಗೆ ಟೊಪ್ಪಿಗೆ ಕೂತ ಹಾಗೆ ಕೂತಿತು, ತೂತುಗಳೆಲ್ಲ ಅದರಡಿ ಮರೆಯಾದವು. ಅಂಗುಸ್ತಾನದ ಅಂಚಿನ ಸುತ್ತ ಬೆಳ್ಳಿ ಬಣ್ಣ, ಒಂದರ ಮೇಲೊಂದು ಪದರ, ನಾನು ಕೆರೆಯದೆ ಬಿಟ್ಟ ಎಲ್ಲ ವರ್ಷಗಳದ್ದು.

ಹೋಗಿ ಆತನ ಅಂಗೈಯಲ್ಲಿ ಹಾಗೇ ಇಟ್ಟೆ. ತೆಗೆದ, ಮತ್ತೆ ಕವುಚಿದ, ಮತ್ತೆ ತೆಗೆದ. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತ.

“ನನಗೊಂದ ಮಾತು ಹೇಳಬಾರದಿತ್ತೇನ್ರಿ ಆಕಿ?”

ಉತ್ತರ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಮಿಸ್ತ್ರಿ ಬರುವ ಹೊತ್ತಿಗೆ ಆತ ಆ ಗುಬಟನ್ನು ಡೀಸೆಲ್ಲಿನಲ್ಲಿ ನೆನೆಸಿ, ಸೂಜಿಯಿಂದ ತೂತು ಬಿಡಿಸುತ್ತಿದ್ದ. ಮಿಸ್ತ್ರಿ ಇಣುಕಿ ನೋಡಿ, ಹಣೆ ಬಡಿದುಕೊಂಡು, “ಎಲಾ ಇವನ! ಇದಾ? ಇಷ್ಟಕ್ಕ ಗಾಡಿ ಕೊಡಾಕ ಹೊಂಟಿದ್ದಿ? ಕೈ ಹೋಗೇತಿ ಅಂತಿದ್ದಿ?”

“ನನ್ನ ಕೈ ಐತಿ,” ಎಂದ ಆತ, ತಲೆಯೆತ್ತದೆ. “ಮ್ಯಾಲಿನ ಕೈ ಹೋಗೇತಿ. ಅಷ್ಟ. ಚಾ ಕುಡದು ಹೋಗು.”

ಅಂದು ಲಾರಿ ಹುಲಗೂರಿನವರೆಗೆ ಹೋಗಿ ಬಂತು. ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ಆತ ಆ ಒಣ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ನನಗೆ ಮಾತ್ರ ಅಳು ಬಂತು. ಅಂಗುಸ್ತಾನ ನಿನ್ನ ಹತ್ತಿರವೇ ಇರಲಪ್ಪ ಎಂದೆ. ಕೈ ಮುಂದೆ ಮಾಡಿದವನು ಹಿಂದಕ್ಕೆ ತೆಗೆದುಕೊಂಡ.

“ಬ್ಯಾಡ್ರಿ. ನಿಮ್ಮ ಕಡೆನ ಇರ್ಲಿ. ಹಬ್ಬ ಬಂದಾಗ ಕೇಳಾಕ ಬರ್ತೇನಿ.”

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಬೆಳಗಾವಿಗೆ ಹೊರಟ ದಿನ. ನೋಡಿದ್ದು ಎಂದರೆ ಪೂರ್ತಿ ನೋಡಲಿಲ್ಲ. ಆಟೋ ಬಂದು ನಿಂತಿತ್ತು. ಆಕೆ ಲಾರಿಯ ಕೆಳಗಿದ್ದಳು. ಗೋಣಿತಟ್ಟಿನ ಅಂಚಿನಿಂದ ಹೊರಗೆ ಎರಡು ಪಾದ, ಕಾಲುಂಗುರ, ಒಡೆದ ಹಿಮ್ಮಡಿ, ಅದರ ಮೇಲೆ ಒಂದು ಚಿಕ್ಕೆ ಬೆಳ್ಳಿ ಬಣ್ಣ. ನನ್ನ ಪೊರೆಗಣ್ಣಿಗೂ ಅದು ಹೊಳೆಯಿತು. ಬಾಗಿ ಕರೆದೆ.

“ಹೋಗಿ ಬರ್ತೇನವಾ!”

ಕೈಯೆಲ್ಲ ಬಣ್ಣವಾಗಿತ್ತೋ ಏನೋ, ಹೊರಗೆ ಬರಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಮೇಲೆಲ್ಲೋ, ಕಬ್ಬಿಣದ ನೆತ್ತಿಯ ಹತ್ತಿರ, ಪಾನಾದಷ್ಟು ದೊಡ್ಡದಲ್ಲದ, ಸೌಟಿನದೂ ಅಲ್ಲದ, ಬೆರಳಿನ ಟೊಪ್ಪಿಗೆಯಷ್ಟೇ ತೆಳ್ಳಗಿನ ಸದ್ದೊಂದು ಬಂತು.

ಟಿಣ್.

ಬಂದೆ, ಎಂದಿದ್ದಳು. ನಾನು ಒಂದು ನಿಮಿಷ ಕಾದೆ. ಆಟೋದವನು ಹಾರ್ನ್ ಹೊಡೆದ.